ನಡೆದು ಮುಟ್ಟುವಂಥ ಪ್ರಶ್ನೆ ಹಿಡಿಯಿರಿ

ಸಮಾಜಕಾರ್ಯ ವಿದ್ಯಾರ್ಥಿಗಳ ಕಿರುಸಂಶೋಧನೆ: ಓದುಗರ ಪತ್ರಗಳಿಗೆ ಉತ್ತರ

ಎಂ.ಎಸ್.ಡಬ್ಲ್ಯೂ. ಕೊನೆಯ ವರ್ಷದ ತರಗತಿಗಳು ಶುರುವಾದವೆಂದರೆ ನನ್ನ ಮೇಜಿನ ಮೇಲೆ ಒಂದೇ ಬಗೆಯ ಪತ್ರಗಳು ಸೇರತೊಡಗುತ್ತವೆ. ವಿಷಯ ಸಿಗುತ್ತಿಲ್ಲ, ಗೈಡ್ ಒಪ್ಪುತ್ತಿಲ್ಲ, ದಿನ ಸಾಲುತ್ತಿಲ್ಲ. ಎಷ್ಟೋ ವರ್ಷ ಇದೇ ಪಾಠ ಮಾಡಿದವಳಾದ್ದರಿಂದ ಈ ಪತ್ರಗಳ ಹಿಂದಿನ ಎದೆಬಡಿತ ನನಗೆ ಕೇಳಿಸುತ್ತದೆ. ಈ ಸಲದ ಅಂಕಣ ಪೂರ್ತಿ ಅವರಿಗೇ. ಕೊನೆಯ ಪತ್ರ ಮಾತ್ರ ವಿದ್ಯಾರ್ಥಿಯದ್ದಲ್ಲ. ಅದನ್ನು ದಯವಿಟ್ಟು ಎಲ್ಲರೂ ಓದಿ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

1. ಒಳ್ಳೆಯ ವಿಷಯ ಎಲ್ಲಿ ಸಿಗುತ್ತದೆ?

*ಮೇಡಂ, ವಿಷಯ ತರಲು ಗೈಡ್ ಹತ್ತು ದಿನ ಕೊಟ್ಟಿದ್ದಾರೆ. ‘ಕರ್ನಾಟಕದಲ್ಲಿ ಮಹಿಳೆ ಮತ್ತು ಮಕ್ಕಳ ಸ್ಥಿತಿಗತಿ: ಒಂದು ಅಧ್ಯಯನ’ ಎಂದು ಬರೆದುಕೊಟ್ಟೆ. ‘ಇದು ಒಂದು ಇಲಾಖೆ ಮಾಡೋ ಕೆಲಸ, ನೀನೊಬ್ಬಳೇ ಮಾಡೋ ಅಂಥದ್ದು ತಗೊಂಡು ಬಾ’ ಎಂದರು. ಎರಡು ಸೆಮಿಸ್ಟರ್ ಅಂಗನವಾಡಿಯಲ್ಲಿ ಫೀಲ್ಡ್‌ವರ್ಕ್ ಮಾಡಿದ್ದೇನೆ. ಆದರೂ ಏನೂ ಹೊಳೆಯುತ್ತಿಲ್ಲ.*
— ವಿದ್ಯಾರ್ಥಿನಿ, ರಾಯಚೂರು

ನಿಮ್ಮ ವಿಷಯ ನಿಮ್ಮ ಬ್ಯಾಗಿನಲ್ಲೇ ಇದೆ. ಫೀಲ್ಡ್‌ವರ್ಕ್ ಡೈರಿ ತೆಗೆದು ಒಂದು ಸಂಜೆ ಕೂತು ಮೊದಲ ಪುಟದಿಂದ ಓದಿ. ‘ಇದ್ಯಾಕೆ ಹೀಗೆ?’ ಎಂದು ಅನಿಸಿದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿ.

ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳ ಡೈರಿಯಲ್ಲಿ ಹೀಗೊಂದು ಸಾಲಿತ್ತು: ‘ಎನ್‌ಆರ್‌ಸಿಗೆ ಕಳಿಸಿದ್ದ ಮಗುವನ್ನು ತಾಯಿ ಐದನೇ ದಿನಕ್ಕೇ ವಾಪಸ್ ಕರಕೊಂಡು ಬಂದಿದ್ದಾಳೆ. ಟೀಚರ್ ಬೈದರು. ತಾಯಿ ಏನೂ ಮಾತಾಡಲಿಲ್ಲ.’ ಅವಳು ಇದನ್ನು ಬರೆದು ಮುಂದಿನ ಪುಟಕ್ಕೆ ಹೋಗಿದ್ದಳು. ನಾನು ಅಲ್ಲೇ ಬೆರಳಿಟ್ಟು, ‘ತಾಯಿ ಯಾಕೆ ಮಾತಾಡಲಿಲ್ಲ?’ ಎಂದು ಕೇಳಿದೆ. ಅವಳ ಸಂಶೋಧನೆ ಆವತ್ತೇ ಶುರುವಾಯಿತು.

ಎನ್‌ಆರ್‌ಸಿ ಎಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರ. ಅಲ್ಲಿ ತೀವ್ರ ಅಪೌಷ್ಟಿಕ ಮಗುವನ್ನು ಸಾಮಾನ್ಯವಾಗಿ 14 ದಿನ ಇರಿಸಿಕೊಳ್ಳುತ್ತಾರೆ, ತಾಯಿಯೂ ಜೊತೆಗಿರಬೇಕು. ಮನೆಯಲ್ಲಿ ಇನ್ನೊಂದು ಕೂಸಿದ್ದರೆ ಅದನ್ನು ನೋಡುವವರು ಯಾರು? ಹತ್ತಿ ಬಿಡಿಸುವ ಕಾಲವಾದರೆ ಕೂಲಿ ಬಿಟ್ಟು ಇರಲು ಆಗುತ್ತದೆಯೇ? ಅತ್ತೆ ಏನೆಂದಳು, ಗಂಡ ಏನೆಂದ? ಅಲ್ಲಿ ತಾಯಿಗೆ ಕೊಡುವ ಕೂಲಿ ನಷ್ಟದ ಹಣ ಕೈಗೆ ಬಂದದ್ದು ಯಾವಾಗ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅಷ್ಟು ದೊಡ್ಡ ಸಮೀಕ್ಷೆ ಆ ಅಂಕಿಯನ್ನು ಕೊಡಬಲ್ಲದು. ಐದನೇ ದಿನ ಬಸ್ ಹತ್ತಿದ ತಾಯಿಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ನೀವು ಮಾತ್ರ ಕೇಳಿ ತಿಳಿಯಬಲ್ಲಿರಿ.

ಗೀಟು ಹಾಕಿದ ಪ್ರಶ್ನೆಗಳನ್ನು ಮೂರು ಜರಡಿಯಲ್ಲಿ ಹಾಕಿ. ಮೊದಲನೆಯದು: ಉತ್ತರ ಇರುವ ಮನೆಗಳನ್ನು ನಾನು ಕಾಲ್ನಡಿಗೆಯಲ್ಲೋ ಒಂದು ಬಸ್ಸಿನಲ್ಲೋ ಮುಟ್ಟಬಲ್ಲೆನೆ? ಎರಡನೆಯದು: ಉತ್ತರ ಹೇಳುವುದರಿಂದ ಹೇಳಿದವರಿಗೆ ತೊಂದರೆ ಆಗುವುದಿಲ್ಲವೆ? ಮೂರನೆಯದು: ಈ ಉತ್ತರ ಸಿಕ್ಕರೆ ಸೋಮವಾರ ಬೆಳಗ್ಗೆ ಯಾರಾದರೂ, ಒಬ್ಬ ಅಂಗನವಾಡಿ ಟೀಚರೋ ಮೇಲ್ವಿಚಾರಕಿಯೋ, ತಮ್ಮ ಕೆಲಸದಲ್ಲಿ ಏನಾದರೂ ಬದಲಿಸಿಕೊಳ್ಳಬಹುದೆ? ಮೂರರಲ್ಲೂ ಉಳಿದದ್ದೇ ನಿಮ್ಮ ವಿಷಯ.

ಆಮೇಲೆ ‘ಶೋಧಗಂಗಾ’ ತಾಣದಲ್ಲಿ ಹುಡುಕಿ ನೋಡಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಅಲ್ಲಿ ಬಿಟ್ಟಿ ಓದಲು ಸಿಗುತ್ತವೆ. ನಿಮ್ಮ ಪ್ರಶ್ನೆಯನ್ನು ಬೇರೆ ಯಾರೋ ಕೇಳಿದ್ದಾರೆ ಎಂದು ಕಂಡರೆ ಎದೆಗುಂದಬೇಡಿ. ಅವರು ಕೇಳಿದ್ದು ಬೇರೆ ಊರಿನಲ್ಲಿ, ಬೇರೆ ಕಾಲದಲ್ಲಿ. ಅವರು ನಿಲ್ಲಿಸಿದ ಕಡೆಯಿಂದ ನೀವು ಮುಂದುವರಿಸಿ.

2. ‘ಗೃಹಲಕ್ಷ್ಮಿಯ ಪರಿಣಾಮ’: ನೂರು ಜನ ಸಾಕೆ?

*‘ಗೃಹಲಕ್ಷ್ಮಿ ಯೋಜನೆಯಿಂದ ಮಹಿಳಾ ಸಬಲೀಕರಣದ ಮೇಲಾದ ಪರಿಣಾಮ’ ಎಂಬ ವಿಷಯ ತೆಗೆದುಕೊಂಡಿದ್ದೇನೆ. ನೂರು ಜನರನ್ನು ‘ಸಿಂಪಲ್ ರ್‍ಯಾಂಡಮ್’ ಆಗಿ ಆರಿಸಬೇಕು ಎಂದುಕೊಂಡಿದ್ದೇನೆ. ಸೀನಿಯರ್‌ಗಳೆಲ್ಲ ನೂರೇ ಮಾಡಿದ್ದಾರೆ.*
— ವಿದ್ಯಾರ್ಥಿ, ತುಮಕೂರು

ಮೊದಲು ‘ಪರಿಣಾಮ’ ಎಂಬ ಶಬ್ದವನ್ನು ಕೆಳಗಿಳಿಸಿ. ಯೋಜನೆಗೆ ಮೈಸೂರಿನಲ್ಲಿ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ರಂದು. ಅದರಿಂದ ಇಂಥದ್ದು ಬದಲಾಯಿತು ಎನ್ನಬೇಕಾದರೆ ಅದಕ್ಕೆ ಮುಂಚೆ ಆ ಮನೆಗಳು ಹೇಗಿದ್ದವು ಎಂಬುದು ಗೊತ್ತಿರಬೇಕು. ಇಲ್ಲವೇ ಹಣ ಬಾರದ, ಉಳಿದೆಲ್ಲದರಲ್ಲಿ ಅಂಥವೇ ಆದ ಮನೆಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಅದೇ ವರ್ಷದ ಜೂನ್ 11ರಿಂದ ಬಸ್ಸಿನ ಶಕ್ತಿ ಯೋಜನೆಯೂ ಬಂದಿದೆ. ಯಾವ ಬದಲಾವಣೆ ಯಾವುದರಿಂದ ಎಂದು ನೀವೊಬ್ಬರೇ ನಾಲ್ಕು ತಿಂಗಳಲ್ಲಿ ಬಿಡಿಸಲಾರಿರಿ. ‘ಬಳಕೆ’ ಎಂದು ಬರೆಯಿರಿ. ಒಂದು ಗ್ರಾಮ ಪಂಚಾಯಿತಿಯಲ್ಲಿ, ತಿಂಗಳಿಗೆ ಬರುವ 2000 ರೂಪಾಯಿಯನ್ನು ತೆಗೆಯುವವರು ಯಾರು, ಎಲ್ಲಿ ಖರ್ಚಾಯಿತು, ಅದನ್ನು ನಿರ್ಧರಿಸಿದವರು ಯಾರು? ಇಷ್ಟು ಸಾಕು, ಇದೇ ಬಹಳ.

ಇನ್ನು ನೂರು. ಸೀನಿಯರ್‌ಗಳು ಮಾಡಿದರು ಎಂಬುದು ವೈವಾದಲ್ಲಿ ಉತ್ತರವಾಗುವುದಿಲ್ಲ. ನೀವು ಆರಿಸಿದ ಪಂಚಾಯಿತಿಯಲ್ಲಿ 600 ಫಲಾನುಭವಿಗಳಿದ್ದಾರೆ ಎನ್ನಿ. ಪಠ್ಯಪುಸ್ತಕದಲ್ಲಿರುವ ಯಮಾನೆಯ ಸೂತ್ರ ಹಾಕಿದರೆ, ಶೇ 5ರ ತಪ್ಪಿಗೆ ಮಾತ್ರ ಅವಕಾಶ ಕೊಟ್ಟಾಗ 240 ಜನ ಬೇಕು, ಶೇ 10 ಸಾಕೆಂದರೆ 86. ಒಬ್ಬರೇ ಮನೆಮನೆ ತಿರುಗುವ ವಿದ್ಯಾರ್ಥಿಗೆ ಎಂಬತ್ತಾರು ಪ್ರಾಮಾಣಿಕ ಸಂಖ್ಯೆ. ಯಾಕೆ ಅಷ್ಟೆಂದು ಒಂದು ಸಾಲಿನಲ್ಲಿ ಬರೆದುಬಿಡಿ. 600 ಹೆಸರಿನ ಪಟ್ಟಿ ಕೈಯಲ್ಲಿ ಹಿಡಿದು, ಒಂದರಿಂದ ಏಳರೊಳಗೆ ಒಂದು ಚೀಟಿ ಎತ್ತಿ. ಮೂರು ಬಂತೆ? ಮೂರನೆಯ ಮನೆ, ಹತ್ತನೆಯದು, ಹದಿನೇಳನೆಯದು, ಹೀಗೆ ಪ್ರತಿ ಏಳನೆಯ ಮನೆಗೆ ಹೋಗಿ. ಬಾಗಿಲು ಹಾಕಿದ್ದರೆ ಇನ್ನೊಂದು ದಿನ ಮತ್ತೆ ಹೋಗಿ. ಪಕ್ಕದ ಮನೆಯ ಬಾಗಿಲು ತೆರೆದಿದೆಯೆಂದು ಅಲ್ಲಿಗೆ ನುಗ್ಗಬೇಡಿ.

ಪಟ್ಟಿ ಸಿಗಲಿಲ್ಲವೆ? ಆಗ ಸಿಕ್ಕವರನ್ನು ಮಾತಾಡಿಸಿ, ‘ಸಿಕ್ಕವರನ್ನು ಮಾತಾಡಿಸಿದ್ದೇನೆ’ ಎಂದೇ ಬರೆಯಿರಿ. ಅನುಕೂಲದ ಮಾದರಿಗೆ ‘ರ್‍ಯಾಂಡಮ್’ ಎಂದು ಹೆಸರಿಟ್ಟರೆ ಪ್ರಬಂಧದ ಬುಡವೇ ಸುಳ್ಳಾಗುತ್ತದೆ.

ಕೇಳುವ ಬಗೆಯ ಬಗ್ಗೆಯೂ ಒಂದು ಮಾತು. ‘ಹಣವನ್ನು ನಿಮ್ಮಿಷ್ಟದಂತೆ ಖರ್ಚು ಮಾಡುತ್ತೀರಾ?’ ಎಂದು ಕೇಳಿ ನೋಡಿ. ಜಗುಲಿಯಲ್ಲಿ ಯಜಮಾನರು ಕೂತಿರುತ್ತಾರೆ. ‘ಹೂಂನಪ್ಪ’ ಎಂಬ ಉತ್ತರ ಬರುತ್ತದೆ, ನಿಮ್ಮ ಹಾಳೆಯಲ್ಲಿ ಸಬಲೀಕರಣ ನೂರಕ್ಕೆ ನೂರಾಗುತ್ತದೆ. ಬದಲಿಗೆ ಹೀಗೆ ಕೇಳಿ: ‘ಹೋದ ಸಲ ದುಡ್ಡು ಬಂದಾಗ ಬ್ಯಾಂಕಿಗೆ ಯಾರು ಹೋಗಿದ್ರಮ್ಮ? ಎಷ್ಟು ತೆಗೆದ್ರಿ? ಮೊದಲು ಏನು ತಂದ್ರಿ?’ ನಡೆದ ಸಂಗತಿ ಕೇಳಿದರೆ ಜನ ನಡೆದದ್ದನ್ನೇ ಹೇಳುತ್ತಾರೆ. ಅಭಿಪ್ರಾಯ ಕೇಳಿದರೆ ನಿಮಗೆ ಹಿತವಾದದ್ದನ್ನು ಹೇಳುತ್ತಾರೆ.

3. ಬಾಲಮಂದಿರದ ಮಕ್ಕಳನ್ನು ಮಾತಾಡಿಸಬಹುದೆ?

*ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಬಾಲಮಂದಿರದಲ್ಲಿರುವ ಹೆಣ್ಣುಮಕ್ಕಳ ಮನಸ್ಥಿತಿಯ ಬಗ್ಗೆ ಅಧ್ಯಯನ ಮಾಡುವಾಸೆ. ಅವರ ಕಷ್ಟ ಸಮಾಜಕ್ಕೆ ತಿಳಿಯಬೇಕು. ಅನುಮತಿ ಹೇಗೆ ಪಡೆಯುವುದು?*
— ವಿದ್ಯಾರ್ಥಿನಿ, ಕಲಬುರಗಿ

ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಈ ಮಕ್ಕಳನ್ನು ಸಂದರ್ಶನ ಮಾಡಬೇಡಿ ಎಂದೇ ಹೇಳುತ್ತೇನೆ.

ಆ ಮಗು ನಡೆದದ್ದನ್ನು ಮನೆಯವರಿಗೆ ಹೇಳಿದೆ, ಪೊಲೀಸರಿಗೆ ಹೇಳಿದೆ, ವೈದ್ಯರಿಗೆ ಹೇಳಿದೆ, ಮ್ಯಾಜಿಸ್ಟ್ರೇಟರಿಗೆ ಹೇಳಿದೆ, ಕೋರ್ಟಿನಲ್ಲಿ ಮತ್ತೆ ಹೇಳಬೇಕಿದೆ. ಆರನೆಯ ಸಲ ನಿಮ್ಮ ಪ್ರಬಂಧಕ್ಕಾಗಿ ಹೇಳಬೇಕೆ? ಗಾಯದ ಪಟ್ಟಿ ಬಿಚ್ಚಿದ ಮೇಲೆ ಮತ್ತೆ ಕಟ್ಟುವ ತರಬೇತಿ ನಮಗಿರಬೇಕು. ಎರಡು ವರ್ಷದ ಎಂ.ಎಸ್.ಡಬ್ಲ್ಯೂ. ಅದನ್ನು ಕೊಡುವುದಿಲ್ಲ. ನಿಮ್ಮ ಪರೀಕ್ಷೆ ಮುಗಿದ ದಿನ ನೀವು ಹೊರಟುಬಿಡುತ್ತೀರಿ, ಮಗು ಅಲ್ಲೇ ಉಳಿಯುತ್ತದೆ.

ಕಾನೂನೂ ಇಲ್ಲಿ ಬಿಗಿಯಾಗಿದೆ, ಬಿಗಿಯಾಗಿರಬೇಕು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಯಾವ ವಿವರವನ್ನೂ ಬಹಿರಂಗ ಮಾಡಬಾರದು ಎನ್ನುತ್ತದೆ. ಚಿಕ್ಕ ತಾಲ್ಲೂಕಿನಲ್ಲಿ ಹೆಸರು ಬಿಟ್ಟು ‘ಹದಿಮೂರರ ಬಾಲೆ, ತಂದೆ ಟೈಲರ್’ ಎಂದಷ್ಟೇ ಬರೆದರೂ ಊರಿಗೆ ಗುರುತು ಸಿಗುತ್ತದೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದವರು ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳೊಡನೆ ಬೇರೆ ಯಾವುದೇ ವಿಷಯದ ಸಂಶೋಧನೆ ಮಾಡುವವರೂ ಇದನ್ನು ಮೊದಲೇ ಅರಿತಿರಬೇಕು. ‘ಯಾರಿಗೂ ಹೇಳಲ್ಲ ಪುಟ್ಟಾ’ ಎಂಬ ಮಾತನ್ನು ಕೊಡಬೇಡಿ. ಅದನ್ನು ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ.

ಹಾಗಾದರೆ ದಾರಿ ಯಾವುದು? ದೊಡ್ಡವರ ಕಡೆ ತಿರುಗಿ. ಬಾಲಮಂದಿರದ ಗೃಹಮಾತೆಯರು, ಆಪ್ತಸಮಾಲೋಚಕರು, ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರು ಇದ್ದಾರೆ. ಒಂದು ಮಗು ಬಾಗಿಲಿಗೆ ಬಂದ ಮೊದಲ ರಾತ್ರಿ ಅಲ್ಲಿ ಏನೇನು ನಡೆಯುತ್ತದೆ? ಊಟ, ಬಟ್ಟೆ, ಮಲಗುವ ಜಾಗ, ಮಾತಾಡಿಸುವವರು? ಈ ಸಿಬ್ಬಂದಿಗೆ ಯಾವ ತರಬೇತಿ ಸಿಕ್ಕಿದೆ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ನಾಳೆ ಬರುವ ಮಗುವಿನ ರಾತ್ರಿ ಸ್ವಲ್ಪ ಹಗುರಾದೀತು. ಇದಕ್ಕೂ ಇಲಾಖೆಯ ಲಿಖಿತ ಅನುಮತಿ ಬೇಕು. ಕಾಲೇಜಿನ ಪತ್ರದ ಜೊತೆ ಪ್ರಶ್ನಾವಳಿಯನ್ನೂ ಲಗತ್ತಿಸಿ, ಎರಡು ತಿಂಗಳು ಮೊದಲೇ ಅರ್ಜಿ ಕೊಡಿ.

ಮುಂದೆ ಎಂದಾದರೂ ಶಾಲಾಮಕ್ಕಳ ಜೊತೆ ಸಾಧಾರಣ ವಿಷಯದ ಅಧ್ಯಯನ ಮಾಡುವುದಾದರೆ ನೆನಪಿಡಿ: ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆ ಬೇಕು. ಅದರ ಮೇಲೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, 12ರಿಂದ 18ರ ಮಗುವಿನ ಬರಹದ ಸಮ್ಮತಿ ಬೇಕು. ಅಪ್ಪ ಸಹಿ ಹಾಕಿದರೂ ಮಗು ಬೇಡವೆಂದರೆ ಬೇಡ.

4. ನಮ್ಮ ಮನೆಯದೇ ನೋವು, ವಿಷಯ ಮಾಡಿಕೊಳ್ಳಬಹುದೆ?

*ನನ್ನ ತಮ್ಮನಿಗೆ ಎಂಟು ವರ್ಷದಿಂದ ಸ್ಕಿಜೋಫ್ರೇನಿಯಾ. ಅವನನ್ನು ನೋಡಿಕೊಳ್ಳುತ್ತ ನಮ್ಮವ್ವ ಒಂದು ಮದುವೆಗೂ ಹೋಗಿಲ್ಲ. ಅಂಥ ತಾಯಂದಿರ ಬಗ್ಗೆ ಬರೆಯಬೇಕೆಂದರೆ ‘ನಿನಗೆ ಬಹಳ ಹತ್ತಿರದ್ದು, ಬೇಡ’ ಎನ್ನುತ್ತಾರೆ ಸರ್.*
— ವಿದ್ಯಾರ್ಥಿನಿ, ಬಳ್ಳಾರಿ

ನೀವಿರುವ ಜಿಲ್ಲೆಗೇ ಈ ವಿಷಯದಲ್ಲಿ ದೊಡ್ಡ ಚರಿತ್ರೆಯಿದೆ. ಮಾನಸಿಕ ಕಾಯಿಲೆಗೆ ದೊಡ್ಡಾಸ್ಪತ್ರೆಗೆ ಓಡಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ತರಬೇತಿ ಪಡೆದು ಔಷಧ ಕೊಡಬಹುದು ಎಂಬುದನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಆ ‘ಬಳ್ಳಾರಿ ಮಾದರಿ’ಯನ್ನೇ ಹಿಡಿದು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಔಷಧ ಹಳ್ಳಿಯ ಹತ್ತಿರಕ್ಕೆ ಬಂದ ಈ ಜಿಲ್ಲೆಯಲ್ಲಿ ಆರೈಕೆ ಮಾಡುವ ತಾಯಿಗೆ ಏನು ಬಂತು ಎಂದು ಕೇಳುವ ಹಕ್ಕು ನಿಮಗಿದೆ.

ನೋವು ಗೊತ್ತಿರುವುದು ಅಡ್ಡಿಯಾಗಬೇಕಿಲ್ಲ. ಬೇರೆಯವರಿಗೆ ಕೇಳಲು ಹೊಳೆಯದ ಪ್ರಶ್ನೆ ನಿಮಗೆ ಹೊಳೆಯುತ್ತದೆ. ‘ಕೊನೆಯ ಸಲ ಮದುವೆಗೆ ಹೋಗಿದ್ದು ಯಾವಾಗ?’ ಎಂಬ ಪ್ರಶ್ನೆ ಯಾವ ಪುಸ್ತಕದಿಂದ ಬರಬೇಕು? ಆದರೆ ನಿಮ್ಮ ಸರ್ ಹೆದರುವುದರಲ್ಲೂ ಕಾರಣವಿದೆ. ಬೇರೆ ತಾಯಿ ಮಾತಾಡುವಾಗ ನಿಮಗೆ ನಿಮ್ಮವ್ವನ ದನಿಯೇ ಕೇಳಿಸಬಹುದು. ಆಕೆ ಹೇಳದ್ದನ್ನೂ ನೀವು ತುಂಬಿಬಿಡಬಹುದು. ಅದಕ್ಕೆ ಮೂರು ಕಟ್ಟುಪಾಡು ಮಾಡಿಕೊಳ್ಳಿ. ನಿಮ್ಮ ಮನೆಯನ್ನು ಮಾದರಿಯಲ್ಲಿ ಸೇರಿಸಬೇಡಿ. ಮೊದಲ ಸಂದರ್ಶನಕ್ಕೆ ಮುಂಚೆ ನಿಮಗೆ ಯಾವ ಉತ್ತರ ಬರುತ್ತದೆ ಅನಿಸುತ್ತದೋ ಅದನ್ನು ಒಂದು ಹಾಳೆಯಲ್ಲಿ ಬರೆದು ಗೈಡ್ ಕೈಗೆ ಕೊಡಿ. ಕೊನೆಯಲ್ಲಿ ತೆಗೆದು ನೋಡಿ, ಬರೆದಂತೆಯೇ ಎಲ್ಲ ಬಂದಿದ್ದರೆ ನಿಮ್ಮ ಕಿವಿಯನ್ನು ಮತ್ತೆ ಪರೀಕ್ಷಿಸಿಕೊಳ್ಳಿ. ದಿನಕ್ಕೆ ಒಂದಕ್ಕಿಂತ ಹೆಚ್ಚು ಸಂದರ್ಶನ ಮಾಡಬೇಡಿ.

ಹತ್ತು ಹನ್ನೆರಡು ತಾಯಂದಿರೊಡನೆ ನಿಧಾನವಾದ ಮಾತುಕತೆ ಸಾಕು. ಅಳತೆಯೂ ಬೇಕೆಂದರೆ 1981ರಲ್ಲಿ ಪೈ ಮತ್ತು ಕಪೂರ್ ಪ್ರಕಟಿಸಿದ ಕುಟುಂಬದ ಹೊರೆಯ ಸಂದರ್ಶನ ಪಟ್ಟಿ ನೋಡಿ. ನಮ್ಮ ದೇಶದ ಕುಟುಂಬಗಳಿಗಾಗಿಯೇ ಮಾಡಿದ್ದು. ಹಣಕಾಸು, ಮನೆಯ ದಿನಚರಿ, ಬಿಡುವು, ಮನೆಯವರ ನಡುವಿನ ಮಾತುಕತೆ, ಉಳಿದವರ ದೇಹದ ಮತ್ತು ಮನಸ್ಸಿನ ಆರೋಗ್ಯ ಎಂದು ಹೊರೆಯನ್ನು ಆರು ಭಾಗ ಮಾಡಿ ಕೇಳುತ್ತದೆ.

ತಾಯಂದಿರ ಖಿನ್ನತೆ ಅಳೆಯಲು ಪಿಎಚ್‌ಕ್ಯೂ-9 ಬಳಸುವ ಯೋಚನೆಯಿದ್ದರೆ ಅದರ ಒಂಬತ್ತನೇ ಪ್ರಶ್ನೆಯ ಮುಂದೆ ನಿಲ್ಲಿ. ಸತ್ತರೆ ಸಾಕು ಎಂದೋ ತನಗೆ ತಾನೇ ನೋವು ಮಾಡಿಕೊಳ್ಳಬೇಕೆಂದೋ ಅನಿಸುತ್ತದೆಯೇ ಎಂದು ಅದು ಕೇಳುತ್ತದೆ. ಒಬ್ಬ ತಾಯಿ ‘ಹೌದವ್ವ’ ಎಂದರೆ ಅಂಕಿ ಬರೆದುಕೊಂಡು ಎದ್ದು ಬರಲಾಗದು. ಯಾವ ಆಸ್ಪತ್ರೆ, ಯಾವ ವೈದ್ಯರು, ಯಾರಿಗೆ ಫೋನು ಎಂಬುದು ಮೊದಲ ಮನೆಗೆ ಹೋಗುವ ಮುನ್ನವೇ ತೀರ್ಮಾನವಾಗಿರಬೇಕು. ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು. ಅದನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಪ್ರತಿ ಮನೆಯಲ್ಲೂ ಬಿಟ್ಟು ಬನ್ನಿ. ಅಂಥ ಏರ್ಪಾಡು ಆಗದಿದ್ದರೆ ಆ ಪ್ರಶ್ನಾವಳಿಯನ್ನೇ ಕೈಬಿಡಿ.

5. ಕೆಲಸಕ್ಕೆ ಹೋಗುತ್ತೇನೆ, ಐದು ತಿಂಗಳಲ್ಲಿ ಮುಗಿಸುವುದು ಹೇಗೆ?

*ಬೆಳಗ್ಗೆ ಮೆಡಿಕಲ್ ಶಾಪಿನಲ್ಲಿ ಕೆಲಸ, ಮಧ್ಯಾಹ್ನ ಕ್ಲಾಸು. ಪ್ರಬಂಧ ಒಪ್ಪಿಸಲು ಐದು ತಿಂಗಳಿದೆ. ಒಂದು ಯೋಜನೆ ಹಾಕಿಕೊಡಿ.*
— ವಿದ್ಯಾರ್ಥಿ, ಶಿವಮೊಗ್ಗ

ಒಪ್ಪಿಸುವ ದಿನದಿಂದ ಹಿಂದಕ್ಕೆ ಎಣಿಸಿ. ಕೊನೆಯ ಎರಡು ವಾರ ಟೈಪಿಂಗ್, ಬೈಂಡಿಂಗ್, ಸಹಿಗೆ. ಅದಕ್ಕೆ ಹಿಂದಿನ ಐದು ವಾರ ಬರವಣಿಗೆಗೆ. ಅದಕ್ಕೆ ಹಿಂದಿನ ಮೂರು ವಾರ ಕೋಷ್ಟಕ ಮತ್ತು ವಿಶ್ಲೇಷಣೆಗೆ. ಅದರ ಹಿಂದಿನ ಆರು ವಾರ ಕ್ಷೇತ್ರಕಾರ್ಯ. ಹೀಗೆ ಕಳೆದರೆ ಆರಂಭದಲ್ಲಿ ಉಳಿಯುವುದು ಸುಮಾರು ಐದು ವಾರ. ಅಷ್ಟರಲ್ಲೇ ವಿಷಯ, ಓದು, ಅನುಮತಿ, ಪ್ರಶ್ನಾವಳಿ ಎಲ್ಲ ಆಗಬೇಕು. ಹಾಗಾಗಿ ಅನುಮತಿ ಪತ್ರವನ್ನು ಮೊದಲ ವಾರವೇ ಕೊಡಿ. ಕಚೇರಿಯಲ್ಲಿ ಅದು ಮೇಜಿಂದ ಮೇಜಿಗೆ ಹೋಗುವಾಗ ನೀವು ಓದುತ್ತಿರಬಹುದು.

ಊರಿನ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ನಿಮ್ಮ ಕಡೆಯ ಹಳ್ಳಿಗಳಲ್ಲಿ ಯಾರು ಕೂತು ಮಾತಾಡುತ್ತಾರೆ? ಜಾತ್ರೆಯ ವಾರ ಹೋಗಬೇಡಿ. ಕೂಲಿಗೆ ಹೋಗುವ ಹೆಂಗಸರು ಸಿಗುವುದು ದೀಪ ಹಚ್ಚುವ ಹೊತ್ತಿಗೆ, ಆಗಲೇ ಒಲೆಯ ಕೆಲಸವೂ ಇರುತ್ತದೆ. ‘ಯಾವಾಗ ಬರಲಿ?’ ಎಂದು ಅವರನ್ನೇ ಕೇಳಿ. ನಿಮಗೆ ಸಿಗುವುದು ಭಾನುವಾರಗಳಾದರೆ ಆರು ವಾರದಲ್ಲಿ ಆರು ಭಾನುವಾರ. ದಿನಕ್ಕೆ ಐದು ಸಂದರ್ಶನವೆಂದರೆ ಮೂವತ್ತು. ನಿಮ್ಮ ಪ್ರಶ್ನೆಯನ್ನು ಮೂವತ್ತು ಮನೆಗೆ ಹೊಂದಿಸಿಕೊಳ್ಳಿ. ನೂರಕ್ಕೆ ಆಸೆಪಟ್ಟು ಎಪ್ಪತ್ತನ್ನು ಕಲ್ಪಿಸುವ ಸ್ಥಿತಿಗೆ ಬರಬೇಡಿ.

ಪ್ರಶ್ನಾವಳಿ ಮುದ್ರಿಸುವ ಮುಂಚೆ ಐದು ಜನರ ಮೇಲೆ ಪ್ರಯೋಗ ಮಾಡಿ. ಗಡಿಯಾರ ನೋಡಿ, ಮುಕ್ಕಾಲು ಗಂಟೆ ಮೀರಿದರೆ ಪ್ರಶ್ನೆ ಕಡಿಮೆ ಮಾಡಿ. ಬಂದ ಸಂಜೆಯೇ ಟಿಪ್ಪಣಿ ಶುದ್ಧ ಬರೆಯಿರಿ. ರಾತ್ರಿ ಕಳೆದರೆ ಮಾತಿನ ಬಣ್ಣ ಹೋಗುತ್ತದೆ. ಬರೆದದ್ದನ್ನು ಎರಡು ಬೇರೆ ಕಡೆ ಇಡಿ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಂಗಿ ಅಧ್ಯಯನ ಮಾಡಿದವರು, ಆ ಹಳ್ಳಿಗೆ ರಾಂಪುರ ಎಂದು ಹೆಸರಿಟ್ಟರು. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ಮೂರೂ ಒಂದೇ ಕಟ್ಟಡದಲ್ಲಿದ್ದವು. ಅವರು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂದು ಹೆಸರಾಯಿತು. ಅಂಥ ನೆನಪಿನ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಪ್ರತಿ ಸಂಜೆ ಪುಟಗಳ ಫೋಟೊ ತೆಗೆದು ಬೇರೆ ಕಡೆ ಉಳಿಸಿ. ಅದರಲ್ಲಿ ಜನರ ಹೆಸರಿನ ಬದಲು ಸಂಖ್ಯೆಯಿರಲಿ.

6. ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದು ಹೇಗೆ?

*ನೆಟ್‌ನಲ್ಲಿ ಸಿಕ್ಕ ಇಂಗ್ಲಿಷ್ ಸ್ಕೇಲನ್ನು ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ವೃದ್ಧರ ಹತ್ತಿರ ಹೋದೆ. ಅರ್ಧ ಪ್ರಶ್ನೆ ಅವರಿಗೆ ತಿಳಿಯಲೇ ಇಲ್ಲ. ತಪ್ಪು ಎಲ್ಲಾಯಿತು?*
— ವಿದ್ಯಾರ್ಥಿ, ಹಾವೇರಿ

ಈ ತಪ್ಪು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜಿಯನ್ನು ‘ನಿಮಗೆ ಒತ್ತಡ ಇದೆಯಾ?’ ಎಂದು ಕೇಳಿದೆ. ಅವರು ಒಳಗೆ ಹೋಗಿ, ಬಟ್ಟೆಯ ಗಂಟು ಬಿಚ್ಚಿ, ಬಿಪಿ ಮಾತ್ರೆಯ ಶೀಟು ತಂದು ನನ್ನ ಕೈಗಿಟ್ಟರು. ‘ಐತವ್ವ, ದಿನಾ ಒಂದು ನುಂಗ್ತೀನಿ.’ ನನ್ನ ಹಾಳೆಯಲ್ಲಿ ಅದಕ್ಕೆ ಕೊಡಲು ಅಂಕಿಯೇ ಇರಲಿಲ್ಲ. ಅಜ್ಜಿಯ ಭಾಷೆಯಲ್ಲಿ ನಾನು ಕೇಳಬೇಕಿದ್ದದ್ದು ‘ರಾತ್ರಿ ನಿದ್ದೆ ಬರ್ತದಾ? ಮನಸ್ಸಿಗೆ ಏನಾದರೂ ಹತ್ತಿಕೊಂಡಿದೆಯಾ?’ ಎಂದು.

ಮೊದಲು ಅಧಿಕೃತ ಕನ್ನಡ ಆವೃತ್ತಿ ಇದೆಯೇ ಎಂದು ಹುಡುಕಿ. ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಗುಣಮಟ್ಟದ 26 ಪ್ರಶ್ನೆಗಳ ಪಟ್ಟಿಗೂ ಪಿಎಚ್‌ಕ್ಯೂ-9ಕ್ಕೂ ಕನ್ನಡ ರೂಪ ಇದೆ. ಇಲ್ಲವಾದರೆ ಒಬ್ಬರು ಕನ್ನಡಕ್ಕೆ ತರಲಿ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ಹಾಕಲಿ. ಎರಡು ಇಂಗ್ಲಿಷೂ ಎಲ್ಲಿ ಬೇರೆಯಾದವೋ ಅಲ್ಲಿ ಕನ್ನಡ ಜಾರಿದೆ ಎಂದರ್ಥ. ಆಮೇಲೆ ಆ ಊರಿನ ಇಬ್ಬರು ಹಿರಿಯರ ಮುಂದೆ ಓದಿ, ‘ಇದನ್ನ ನೀವು ಹೆಂಗ ಕೇಳ್ತೀರಿ?’ ಎನ್ನಿ. ಹಾವೇರಿಯ ಮಾತು ಬೇರೆ, ಚಾಮರಾಜನಗರದ ಮಾತು ಬೇರೆ.

‘ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ’ ಎಂದು ಸಾಗುವ ಐದು ಮೆಟ್ಟಿಲು ಓದುಬರಹ ಬಾರದವರಿಗೆ ಏರಲಾಗದ ಮೆಟ್ಟಿಲು. ಹುಣಸೆ ಬೀಜ ತೆಗೆದುಕೊಂಡು ಹೋಗಿ. ಒಂದು ಬೀಜವೆಂದರೆ ಸ್ವಲ್ಪ, ಐದು ಬೀಜವೆಂದರೆ ಬಹಳ. ‘ನಿಮ್ಮ ಮಾತನ್ನ ಮನೇಲಿ ಎಷ್ಟು ಕೇಳ್ತಾರೆ, ಬೀಜ ಇಡ್ರಿ’ ಎಂದರೆ ಅಜ್ಜ ಎರಡು ಇಟ್ಟು, ಯೋಚನೆ ಮಾಡಿ, ಒಂದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆ ಹಿಂದಕ್ಕೆ ತೆಗೆದದ್ದನ್ನೂ ಬರೆದುಕೊಳ್ಳಿ. ಸ್ಕೇಲನ್ನು ಹೀಗೆ ಬದಲಿಸಿದ್ದೇನೆ ಎಂದು ಪ್ರಬಂಧದಲ್ಲಿ ಹೇಳಿಬಿಡಿ.

ಜನರ ಮಾತಿಗೆ ಕಿವಿಗೊಟ್ಟವರ ಉದಾಹರಣೆ ನಮ್ಮಲ್ಲೇ ಇದೆ. ಮನೋವೈದ್ಯರಾದ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಉಡುಪಿ ಬಳಿಯ ಕೋಟದಲ್ಲಿ ಮಾನಸಿಕ ಕಾಯಿಲೆಗಳ ಅಧ್ಯಯನ ಮಾಡಿದ್ದರು. ಅದರ ಪುಸ್ತಕ 1976ರಲ್ಲಿ ಬಂತು. ಡಾಕ್ಟರರ ಲೆಕ್ಕ ಹಿಡಿದು ಅವರು ಸುಮ್ಮನಾಗಲಿಲ್ಲ. ಅಲ್ಲಿನ ಜನ ಕಷ್ಟ ಬಂದಾಗ ಹೋಗುತ್ತಿದ್ದ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳನ್ನೂ ಗಮನಿಸಿದರು. ಜನ ತಮ್ಮ ಕಷ್ಟವನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೋ ಅಲ್ಲಿಂದಲೇ ನಮ್ಮ ಪ್ರಶ್ನೆ ಹೊರಡಬೇಕು.

7. ಎಲ್ಲರೂ ಹಾಸ್ಟೆಲಿನಲ್ಲೇ ತುಂಬುತ್ತಾರೆ

*ನನ್ನ ರೂಮಿನಲ್ಲಿ ಮೂವರು ಒಂದೇ ರಾತ್ರಿಯಲ್ಲಿ ಅರವತ್ತು ಫಾರಂ ತಾವೇ ತುಂಬಿದರು, ಬೇರೆ ಬೇರೆ ಪೆನ್ನಿನಲ್ಲಿ. ನಾನು ತಿಂಗಳಿಂದ ಅಲೆಯುತ್ತಿದ್ದೇನೆ, ಮಾರ್ಕ್ಸ್ ಮಾತ್ರ ಅವರಿಗೇ ಹೆಚ್ಚು ಬರಬಹುದು. ನಾನು ಮಾಡುತ್ತಿರುವುದು ದಡ್ಡತನವೆ?*
— ವಿದ್ಯಾರ್ಥಿನಿ, ಬೆಂಗಳೂರು

ಖಂಡಿತ ಅಲ್ಲ. ಕೃತಿಚೌರ್ಯಕ್ಕೆ ಯುಜಿಸಿಯ 2018ರ ನಿಯಮವಿದೆ. ಶೇ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ, 10ರಿಂದ 40ಕ್ಕೆ ತಿದ್ದಿ ಮತ್ತೆ ಒಪ್ಪಿಸಬೇಕು, 40ರಿಂದ 60ಕ್ಕೆ ಒಂದು ವರ್ಷ ಒಪ್ಪಿಸುವಂತಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ಕದ್ದ ವಾಕ್ಯವನ್ನು ಯಂತ್ರ ಹಿಡಿಯುತ್ತದೆ. ಕಲ್ಪಿಸಿದ ಮನುಷ್ಯರನ್ನು ಹಿಡಿಯುವುದಿಲ್ಲ. ಅಲ್ಲಿ ಕಾವಲು ಇರುವುದು ನಮ್ಮ ಮನಸ್ಸು ಮಾತ್ರ.

ನಿಮ್ಮ ಗೆಳತಿಯರು ನಾಳೆ ಒಂದು ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಕೆಲಸಕ್ಕೆ ಸೇರುತ್ತಾರೆ. ಅಳುವ ಮನುಷ್ಯ ಮುಂದೆ ಕೂತಾಗ, ಸುಮ್ಮನೆ ಕೂತು ಕೇಳುವ ಅಭ್ಯಾಸ ಅವರಿಗೆ ಇರುವುದಿಲ್ಲ. ತಿಂಗಳಿಡೀ ಅಲೆದ ನಿಮಗೆ ಅದು ಬಂದಿರುತ್ತದೆ. ಮಕ್ಕಳ ಸಹಾಯವಾಣಿ 1098 ಹುಟ್ಟಿದ್ದು ಹೇಗೆಂದು ನೆನಪಿಸಿಕೊಳ್ಳಿ. 1996ರಲ್ಲಿ ಮುಂಬೈಯ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್‌ನ ಕ್ಷೇತ್ರ ಯೋಜನೆಯಾಗಿ ಅದು ಶುರುವಾಯಿತು. ಅಲ್ಲಿ ಪಾಠ ಮಾಡುತ್ತಿದ್ದ ಜೆರೂ ಬಿಲಿಮೋರಿಯಾ ಬೀದಿಮಕ್ಕಳ ನಡುವೆ ಓಡಾಡಿ ಅವರ ಕಷ್ಟ ಕೇಳಿದವರು. ಹಾಸ್ಟೆಲಿನ ಕೋಣೆಯಲ್ಲಿ ತುಂಬಿದ ಫಾರಮಿನಿಂದ ಅಂಥದ್ದೊಂದು ಹುಟ್ಟಲಾರದು.

8. ಕೇಳಿ ಹೋದವರು ಮತ್ತೆ ಬರುವುದಿಲ್ಲ

*ನಾನು ಇಪ್ಪತ್ತೆರಡು ವರ್ಷದಿಂದ ಅಂಗನವಾಡಿ ನಡೆಸುತ್ತಿದ್ದೇನೆ. ಪ್ರತಿ ವರ್ಷ ಕಾಲೇಜು ಹುಡುಗರು ಬರುತ್ತಾರೆ. ಸಂಬಳ ಎಷ್ಟು, ಕಷ್ಟ ಏನು, ತೃಪ್ತಿ ಇದೆಯಾ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮಕ್ಕಳಿಗೆ ಊಟ ಬಡಿಸುವ ಹೊತ್ತಲ್ಲೂ ಎದ್ದು ಬಂದು ಉತ್ತರ ಹೇಳಿದ್ದೇನೆ. ಅದರಿಂದ ಏನಾಯಿತು ಎಂದು ಇವತ್ತಿನವರೆಗೆ ಒಬ್ಬರೂ ಬಂದು ಹೇಳಿಲ್ಲ. ಬೇಜಾರಿಲ್ಲ, ತಿಳಿಯಬೇಕು ಅನಿಸುತ್ತದೆ ಅಷ್ಟೆ.*
— ಅಂಗನವಾಡಿ ಕಾರ್ಯಕರ್ತೆ, ಚಾಮರಾಜನಗರ ಜಿಲ್ಲೆ

ಅಮ್ಮಾ, ಮೊದಲು ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ಹಾಗೆ ಬಂದ ಹುಡುಗರಲ್ಲಿ ನನ್ನಂಥವರು ಕಳಿಸಿದವರೂ ಇದ್ದಾರೆ. ಹೋಗಿ ಕೇಳಿಕೊಂಡು ಬನ್ನಿ ಎಂದು ಕಲಿಸಿದೆವು, ಹೋಗಿ ಹೇಳಿ ಬನ್ನಿ ಎಂದು ಕಲಿಸಲಿಲ್ಲ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳ ಐಸಿಡಿಎಸ್ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ನಿಮ್ಮ ಜಿಲ್ಲೆಯ ಪಕ್ಕದ ಟಿ. ನರಸೀಪುರವನ್ನು. ಅಲ್ಲಿಂದ ಇಲ್ಲಿಯವರೆಗೆ ಸಮಾಜಕಾರ್ಯದ ಮಕ್ಕಳು ಕಲಿತದ್ದರಲ್ಲಿ ಎಷ್ಟೋ ಪಾಲು ಅಂಗನವಾಡಿಗಳ ಚಾಪೆಯ ಮೇಲೆ ಕೂತು ಕಲಿತದ್ದು. ಆ ಸಾಲ ನಮ್ಮ ಮೇಲಿದೆ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳೇ, ನಿಮ್ಮ ಯೋಜನೆಯಲ್ಲಿ ಇನ್ನೊಂದು ದಿನ ಸೇರಿಸಿ. ವೈವಾ ಮುಗಿದ ಮೇಲಿನ ಒಂದು ದಿನ. ಪ್ರಬಂಧದ ಸಾರವನ್ನು ಒಂದೇ ಪುಟದಲ್ಲಿ, ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಬರೆಯಿರಿ: ಏನು ಕೇಳಿದೆ, ಏನು ತಿಳಿಯಿತು, ಯಾರು ಏನು ಮಾಡಬಹುದು. ಒಂದು ಪ್ರತಿ ಮೇಲ್ವಿಚಾರಕಿಗೆ, ಒಂದು ಸಿಡಿಪಿಒ ಕಚೇರಿಗೆ, ಒಂದು ಗ್ರಾಮ ಪಂಚಾಯಿತಿಗೆ. ಇನ್ನೊಂದನ್ನು ಹಿಡಿದು ಆ ಊರಿಗೆ ಬಸ್ ಹತ್ತಿ. ಊಟ ಬಡಿಸುವ ಹೊತ್ತು ತಪ್ಪಿಸಿ, ಮಕ್ಕಳು ಮಲಗಿದ ಮೇಲೆ ಹೋಗಿ. ಚಾಪೆಯ ಮೇಲೆ ಕೂತು ಆ ಪುಟವನ್ನು ಗಟ್ಟಿಯಾಗಿ ಓದಿ. ‘ನಾನು ಬರೆದದ್ದು ಸರಿಯಿದೆಯಾ?’ ಎಂದು ಕೇಳಿ. ಅವರು ತಲೆಯಾಡಿಸಬಹುದು, ‘ಇಲ್ಲ, ನಾನು ಹಂಗೆ ಹೇಳಿರಲಿಲ್ಲ’ ಎಂದು ತಿದ್ದಲೂಬಹುದು. ತಿದ್ದಿದರೆ ಅಲ್ಲೇ ಪೆನ್ನು ತೆಗೆದು ತಿದ್ದಿಕೊಳ್ಳಿ.

ಅಮ್ಮಾ, ಈ ವರ್ಷ ಬರುವ ಹುಡುಗರಿಗೆ ಉತ್ತರ ಹೇಳುವ ಮುಂಚೆ ನೀವೂ ಒಂದು ಮಾತು ಕೇಳಿ: ‘ಮತ್ತೆ ಯಾವತ್ತು ಬರ್ತೀರಿ?’ ದಿನ ಹೇಳಿದವರಿಗೆ ಕುಳಿತುಕೊಳ್ಳಲು ಚಾಪೆ ಹಾಕಿ.